ಏಳನೇ ಗಾಡಿ

ಏಳನೇ ಗಾಡಿ ರಸ್ತೆ ಬಿಟ್ಟು ಗುಡ್ಡ ಹತ್ತತೊಡಗಿತ್ತು.

ಜಂಬುನಾಥ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ನೋಡಿದ. ತಪ್ಪಿಲ್ಲ. ಗುಡೇಕೋಟೆ ದಾಟಿ ಎರಡು ಕಿಲೋಮೀಟರ್, ರಸ್ತೆಯಿಂದ ಎಡಕ್ಕೆ, ಕಂಪ್ಯೂಟರಿನ ನಕ್ಷೆಯಲ್ಲಿ ಹೆಸರೇ ಇಲ್ಲದ ಕಡೆ ಹಸಿರು ಚುಕ್ಕೆ ಸರಿಯುತ್ತಿತ್ತು. ವೇಗ, ಗಂಟೆಗೆ ಮೂರು. ಬಿಸ್ಕತ್ತು, ಸೋಪು, ಅಡುಗೆ ಎಣ್ಣೆ ತುಂಬಿಕೊಂಡು ಬೆಳಿಗ್ಗೆ ಆರಕ್ಕೆ ಹೊರಟ ಗಾಡಿ ಬಂಡೆಗಳ ನಡುವೆ ವಾಯುವಿಹಾರ ಮಾಡುತ್ತಿತ್ತು.

ಕೊಟ್ಟೂರಿನ ಗೋಡೌನಿನ ಮೂಲೆಯಲ್ಲಿ ಪ್ಲೈವುಡ್ ಹೊಡೆದು ಮಾಡಿದ ಕೋಣೆ ಅವನ ಆಫೀಸು. ಬಟ್ಟೆ ಸೋಪಿನ ವಾಸನೆ ಅವನ ಬುತ್ತಿಯ ರೊಟ್ಟಿಗೂ ಹತ್ತಿತ್ತು. ಹನ್ನೊಂದು ಗಾಡಿಗಳು ಇಲ್ಲಿಂದ ಹೊರಟು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಅಂಗಡಿಗಳಿಗೆಲ್ಲ ಮಾಲು ಹಾಕಿ ಸಂಜೆಗೆ ಮರಳಬೇಕು. ಅವು ಎಲ್ಲಿವೆ, ಎಲ್ಲಿ ನಿಂತವು, ಎಷ್ಟು ಹೊತ್ತು ನಿಂತವು ಎಂದು ನೋಡುತ್ತ ಕೂರುವುದು ಜಂಬುನಾಥನ ಕೆಲಸ. ಭೂಗೋಳದಲ್ಲಿ ಎಂ.ಎ. ಮಾಡಿದವನು. ಆರು ವರ್ಷ ಅತಿಥಿ ಉಪನ್ಯಾಸಕನಾಗಿ ಹುಡುಗರಿಗೆ ನಕ್ಷೆ ಓದುವುದನ್ನು ಕಲಿಸಿದ್ದ. ಏಳನೇ ವರ್ಷ ಕಾಲೇಜು ಅವನನ್ನು ಕರೆಯಲಿಲ್ಲ. ಇಲ್ಲಿಗೆ ಸೇರಿದಾಗ ಅವನ ಮಾವ, ಓದಿದ್ದು ದಂಡವಾಗಲಿಲ್ಲ ನೋಡು, ಇಲ್ಲೂ ನಕ್ಷೆಯೇ ಎಂದಿದ್ದರು. ಪಾಪ, ಸಮಾಧಾನಕ್ಕೇ ಹೇಳಿದ್ದು.

ಮೂರು ವರ್ಷದ ಹಿಂದೆ ಈ ಚುಕ್ಕೆಗಳು ಬಂದ ಹೊಸದರಲ್ಲಿ ಅವನಿಗೆ ಅವು ಹಿಡಿಸಿದ್ದವು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಗಾಡಿಯ ಅಡಿಗೆ ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಕಪ್ಪು ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿ ಪಾಠ ಮಾಡಿದ್ದ.

"ನಿಂತ ಗಾಡಿ ಚುಕ್ಕಿನೂ ಒಂದೀಟು ಅಲುಗಾಡತೈತಿ. ಅದು ಗಾಡಿ ಅಲುಗಾಡಿದ್ದಲ್ಲ. ಯಂತ್ರಕ್ಕ ಅನುಮಾನ, ಇಲ್ಲಿ ಐತೊ ಅಲ್ಲಿ ಐತೊ ಅಂತ."

"ನಮಗೂ ಹಂಗ ಆಗತೈತ್ರಿ, ಸರ" ಎಂದಿದ್ದ ಹಿಂದಿನಿಂದ ಗಾದೆಪ್ಪ. ಎಲ್ಲರೂ ನಕ್ಕಿದ್ದರು.

ಏಳನೇ ಗಾಡಿ ಈ ಗಾದೆಪ್ಪನದು. ಜಂಬುನಾಥನ ಊರಿನವನು, ಏಳನೇ ಇಯತ್ತೆಯವರೆಗೆ ಒಂದೇ ಬೆಂಚು. ಊರಲ್ಲಿ "ಲೇ ಜಂಬ್ಯಾ" ಎಂದು ಕರೆಯುತ್ತಿದ್ದವನು ಗೋಡೌನಿನಲ್ಲೂ ಹಾಗೇ ಕರೆದಾಗ ಜಂಬುನಾಥ ಅವನನ್ನು ಪಕ್ಕಕ್ಕೆ ಕರೆದು, ಇಲ್ಲಿ ಮಾತ್ರ ಸರ ಅನ್ನು ಎಂದು ಮೆತ್ತಗೆ ಹೇಳಿದ್ದ. ಗಾದೆಪ್ಪ ಅಂದಿನಿಂದ ಊರಲ್ಲೂ ಸರ ಎನ್ನುತ್ತಾನೆ.

ಇವತ್ತೇ ಹೀಗಾಗಬೇಕೆ. ಬೆಳಿಗ್ಗೆ ಮಾಲೀಕ ಸೋಮಶೇಖರ್ ಬಂದು, ಹಣೆಯ ವಿಭೂತಿ ಒಣಗುವ ಮುಂಚೆಯೇ, ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. ದನಿ ಏರಿಸಿ ಮಾತಾಡಿದವರಲ್ಲ.

"ಸಂಜಿಗೆ ಒಬ್ಬ ಡ್ರೈವರ್ ಹೆಸರು ಬರಕೊಡ್ರಿ. ಯಾರರ ಆಗಲಿ. ಒಬ್ಬನ್ನ ಬಿಡಿಸಿದ್ರ ಉಳದ ಹತ್ತು ಮಂದಿ ಸರಿ ಆಗತಾರ."

"ಯಾರೂ ಅಂಥ ತಪ್ಪು ಮಾಡಿಲ್ಲಲ್ರಿ."

"ನೋಡಿದ್ರ ಸಿಗತೈತ್ರಿ. ಹರಪನಹಳ್ಳಿ ಬ್ರಾಂಚಿಗೆ ಮ್ಯಾನೇಜರ್ ಬೇಕಾಗೈತಿ. ಕಾಯಂ ನೌಕರಿ. ನನ್ನ ಮನಸಿನ್ಯಾಗ ನೀವ ಅದೀರಿ. ನಿಮ್ಮ ಕೈಲಿ ಒಂದು ಹೆಸರು ಬರಿಯಾಕ ಆಗತೈತೊ ಇಲ್ಲೊ, ಅಷ್ಟ ನೋಡಬೇಕು."

ಜಂಬುನಾಥ ಗಾದೆಪ್ಪನಿಗೆ ಫೋನು ಹಚ್ಚಿದ.

"ಎಲ್ಲದೀ?"

"ರೋಡಿನ್ಯಾಗ ಅದೀನ್ರಿ."

"ಯಾವ ರೋಡು?"

"ಅಂಗಡಿಗೆ ಹೋಗೋ ರೋಡ್ರಿ."

"ಗಾಡಿ ಗುಡ್ಡದಾಗ ತೋರಿಸ್ತೈತಿ."

ಆ ಕಡೆ ಲಾರಿಯೊಂದು ಹಾರ್ನ್ ಹಾಕಿ ದಾಟಿ ಹೋಯಿತು. "ಹೌದ್ರಿ? ಯಂತ್ರಕ್ಕ ಅನುಮಾನ ಬಂದಿರಬೇಕ್ರಿ, ಸರ." ಫೋನು ಕಟ್ಟಾಯಿತು.

ಹೋದ ವಾರದ ಸಂಗತಿ ಗಾದೆಪ್ಪನಿಗೆ ನೆನಪಿದೆ ಎಂದು ಜಂಬುನಾಥನಿಗೆ ಗೊತ್ತಾಯಿತು. ಕಾನಹೊಸಹಳ್ಳಿ ಹತ್ತಿರ ಏಳನೇ ಗಾಡಿ ಏಳು ನಿಮಿಷ ನಿಂತಿತ್ತು. ಸೋಮಶೇಖರ್ ಎದುರಿಗೇ ಕೂತಿದ್ದರಿಂದ ಜಂಬುನಾಥ ಗಟ್ಟಿ ದನಿಯಲ್ಲಿ ಕೇಳಿದ್ದ, ಯಾಕೆ ನಿಂತೆ ಎಂದು. ಹೊರಕಡೆಗೆ ಬಂದಿದ್ದೆನ್ರಿ ಎಂದಿದ್ದ ಗಾದೆಪ್ಪ. ಅಷ್ಟಕ್ಕೇ ಬಿಡಬಹುದಿತ್ತು. "ಏಳು ನಿಮಿಷ?" ಎಂದು ಕೇಳಿದ. ಆ ಕಡೆಯಿಂದ ಗಾದೆಪ್ಪ, "ಫೋಟೊ ತಗದು ಕಳಸಲೇನ್ರಿ?" ಎಂದಿದ್ದ. ಸೋಮಶೇಖರ್ ನಕ್ಕರು. ಜಂಬುನಾಥನೂ ನಕ್ಕ. ನಕ್ಕಿದ್ದು ಫೋನಿನಲ್ಲಿ ಕೇಳಿಸಿರಬೇಕು.

ಬೈಕು ಹತ್ತಿದ. ಕೂಡ್ಲಿಗಿ ದಾಟುವಾಗ ಹೆಂಡತಿ ರೇಖಾಳ ಫೋನು ಬಂತು. ಬ್ರಾಂಚಿನ ಸುದ್ದಿ ಏನಾಯಿತು ಎಂದಳು. ಸಂಜೆಗೆ ಎಂದ. "ಒಂದು ಹೆಸರು ಬರಿಯಾಕ ಸಂಜಿ ಮಟ ಬೇಕೇನ್ರಿ" ಎಂದಳು. ಅದೂ ಸರಿಯೇ. ಉತ್ತರಪತ್ರಿಕೆಗಳ ಮೇಲೆ ಸಾವಿರಾರು ಹೆಸರು ಓದಿದವನು ಅವನು.

ಗುಡೇಕೋಟೆ ದಾಟಿ ಬೈಕು ನಿಲ್ಲಿಸಿ ಜಾಲಿ ಮುಳ್ಳು ತಪ್ಪಿಸಿಕೊಳ್ಳುತ್ತ ನಡೆದ. ಗಾಡಿ ಇನ್ನೂರು ಮೀಟರ್ ದೂರದಲ್ಲಿದೆ ಎಂದಿತು ಫೋನು. ನೂರು. ನಲವತ್ತು. ಈ ಗುಡ್ಡದಲ್ಲಿ ಅವನು ಹತ್ತು ವರ್ಷದ ಹುಡುಗನಾಗಿದ್ದಾಗ ಕುರಿ ಮೇಯಿಸಿದ್ದ. ಆದರೂ ಈಗ ಫೋನು ನೋಡಿಕೊಂಡೇ ನಡೆದ. ಬಂಡೆ ಸುತ್ತಿ ಬಂದರೆ ಎದುರಿಗೆ ಕುರಿ ಹಿಂಡು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅವನ ಅಣ್ಣ ಮೈಲಪ್ಪ ನಿಂತಿದ್ದ. ಎಂಟು ತಿಂಗಳಾಗಿತ್ತು ನೋಡಿ.

"ಊಟ ಆತೇನು, ತಮ್ಮಾ?" ಎಂದ ಮೈಲಪ್ಪ, ನಿನ್ನೆ ತಾನೆ ನೋಡಿದವನಂತೆ.

"ಗಾಡಿ ಏನರ ಕಂಡ್ಯಾ ಇಲ್ಲಿ?"

"ಗಾಡಿ? ಈ ಗುಡ್ಡದಾಗ?"

ಫೋನು ಸಣ್ಣಗೆ ಸದ್ದು ಮಾಡಿತು. ಗಾಡಿ ನಿಮ್ಮ ಬಳಿಯೇ ಇದೆ. ಹಿಂಡಿನಿಂದ ಒಂದು ಟಗರು ಹೊರಬಂದು ಅವನ ಪ್ಯಾಂಟು ಮೂಸಿತು. ಸುತ್ತಿದ ಕೊಂಬು, ಕಚ್ಚು ಮಾಡಿದ ಕಿವಿ. ಕೊರಳ ತುಂಬ ಅರಿಸಿನ ದಾರಗಳು, ಗಂಟೆ, ತಾಯತ. ಅವುಗಳ ನಡುವೆ ಕಪ್ಪು ಡಬ್ಬಿ, ಮೇಲೆ ಅವನದೇ ಕೈಬರಹದಲ್ಲಿ ಏಳು.

"ಮುಂಜಾನಿ ಗಾದೆಪ್ಪ ಬಂದು ಕಟ್ಟಿಹೋದ" ಎಂದ ಮೈಲಪ್ಪ. "ಪ್ಯಾಟಿ ತಾಯತ ಅಂದ. ಯಾಕ, ಅಲ್ಲೇನು?"

ಜಂಬುನಾಥ ಟಗರಿನ ಕೊಂಬು ಹಿಡಿದು ನೋಡಿದ. ಟಗರನ್ನು ಅವನು ಬಲ್ಲ. ಅವನ ಎಂ.ಎ. ಮುಗಿದ ವರ್ಷ ಅವ್ವ ಪಕ್ಕೀರಮ್ಮ ಊರಮ್ಮನಿಗೆ ಹರಕೆ ಹೊತ್ತಿದ್ದಳು. ಮಗನಿಗೆ ನೌಕರಿ ಸಿಗಲಿ, ಈ ಮರಿ ನಿನಗೆ ಬಲಿ ಎಂದು. ಮರಿ ಟಗರಾಯಿತು, ನೌಕರಿ ಸಿಗಲಿಲ್ಲ. ಅದರ ಜೊತೆಯವು ಎರಡು ವರ್ಷಕ್ಕೇ ಸಂತೆ ಕಂಡವು. ಇದಕ್ಕೀಗ ಒಂಬತ್ತು. ಆಯ್ಕೆ ಪಟ್ಟಿಯಲ್ಲಿ ಅವನ ಹೆಸರಿಲ್ಲದ ಪ್ರತಿ ವರ್ಷವೂ ಇದು ಇನ್ನೊಂದು ವರ್ಷ ಮೇಯ್ದಿತ್ತು. ಅವನು ಸೋತದ್ದರಿಂದ ಸುಖಪಟ್ಟ ಜೀವ ಜಗತ್ತಿನಲ್ಲಿ ಇದೊಂದೇ.

ಡಬ್ಬಿಗೆ ಕೈ ಹಾಕಿದ. ಮೈಲಪ್ಪ ಅವನ ಮಣಿಕಟ್ಟು ಹಿಡಿದ.

"ಮರತ್ಯಾ? ಹರಕಿ ಟಗರಿನ ಕೊರಳಿಗೆ ಏನ ಬೇಕಾದ್ರೂ ಕಟ್ಟಬಹುದು. ಬಿಚ್ಚಂಗಿಲ್ಲ. ಹರಕಿ ತೀರಬೇಕು, ಆಮ್ಯಾಲ."

"ಇದು ಕಂಪನೀದು."

"ಯಾರದರ ಆಗಲಿ. ದಾರಕ್ಕ ಬಿತ್ತಂದ್ರ ಅಮ್ಮಂದು." ಮೈಲಪ್ಪ ಬೇರೆ ಕಡೆ ನೋಡುತ್ತ ಹೇಳಿದ, "ಅವ್ವ ಈ ಸಲ ತೀರಿಸಿಬಿಡಾಣ ಅಂತಾಳ. ಹರಕಿ ಉಳಿಸಿಕೊಂಡು ಸಾಯಬಾರದಂತ. ನಾನ ತಡದೀನಿ. ತಮ್ಮನ್ನ ಕೇಳಾಣ ಅಂದೆ. ನೀನ ಹೇಳು. ನೀ ಮಾಡಾಕ ಹತ್ತಿದ್ದು ನೌಕರಿ ಹೌದೊ ಅಲ್ಲೊ?"

ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾವ ಸಂದರ್ಶನದಲ್ಲೂ ಅವನಿಗೆ ಯಾರೂ ಕೇಳಿರಲಿಲ್ಲ. ಅಲ್ಲ ಎನ್ನಲು ಬಾಯಿ ಬರಲಿಲ್ಲ. ಹೌದು ಎನ್ನಲು ಟಗರು ಬಿಡಲಿಲ್ಲ. ಅದು ಅವನ ಬೆರಳು ನೆಕ್ಕುತ್ತಿತ್ತು.

"ಇನ್ನೊಂದು ದೊಡ್ಡದು ಸಿಗೋದೈತಿ. ಸಂಜಿಗೆ ಗೊತ್ತಾಗತೈತಿ" ಎಂದ.

ಮೈಲಪ್ಪ ತಲೆಯಾಡಿಸಿದ. ಅವನ ಮುಖದ ಮೇಲೆ ಸಂತೋಷವೇನೂ ಕಾಣಲಿಲ್ಲ.

ಕೆಳಗೆ ರಸ್ತೆಯಲ್ಲಿ ಏಳನೇ ಗಾಡಿ ಬಂದು ನಿಂತಿತು. ಗಾದೆಪ್ಪ ಇಳಿದು, ಮೇಲೆ ಜಂಬುನಾಥನನ್ನು ಕಂಡು, ಓಡಲೂ ಇಲ್ಲ, ಗಾಬರಿಯಾಗಲೂ ಇಲ್ಲ. ಜಂಬುನಾಥ ಇಳಿದು ಬರುವವರೆಗೆ ಕಾದ. ಗಾಡಿ ಖಾಲಿ ಇತ್ತು. ಬಿಲ್ಲುಗಳ ಕಟ್ಟು ಮುಂದೆ ಹಿಡಿದ. ಎಲ್ಲ ಅಂಗಡಿಗಳ ಸಹಿಯೂ ಇತ್ತು, ದಿನಕ್ಕಿಂತ ಒಂದು ತಾಸು ಮುಂಚೆ.

"ಎಲ್ಲಿ ಹೋಗಿದ್ದಿ?"

"ಎಲ್ಲಾ ಅಂಗಡಿಗೂ."

"ಮತ್ತ ಇದ್ಯಾಕ?"

ಗಾದೆಪ್ಪ ಗಾಡಿಯ ಬಾಗಿಲಿನ ಧೂಳನ್ನು ಬೆರಳಿನಿಂದ ಒರೆಸಿದ. "ಒಂದ ದಿನ ಎಲ್ಲದೀ ಅಂತ ಯಾರೂ ಕೇಳಬಾರದು ಅನಸ್ತು. ಅಷ್ಟ್ರಿ. ಬಿಚ್ಚಿಕೊಂಡು ಹೋಗಾನಂತ ಬಂದೆ. ದಾರದ ಸಂಗತಿ ನಾನೂ ಮರತಿದ್ದೆ."

"ಸೌಭಾಗ್ಯಾಗ ಏನಂತ ಹೇಳ್ತೀ, ಕೆಲಸ ಹೋದ್ರ?" ಎಂದ ಜಂಬುನಾಥ. ಸೌಭಾಗ್ಯ ಗಾದೆಪ್ಪನ ಹೆಂಡತಿ. ಅವರ ಮದುವೆಯಲ್ಲಿ ಇವನೇ ಓಡಾಡಿ ಬಡಿಸಿದ್ದ.

"ನನ್ನ ಮ್ಯಾಲ ಬರೀತೀರೇನ್ರಿ, ಸರ?"

ಲೇ ಎನ್ನಲಿ, ಒಂದೇ ಒಂದು ಸಲ ಲೇ ಎನ್ನಲಿ ಎಂದು ಜಂಬುನಾಥ ಕಾದ. ಗಾದೆಪ್ಪ ಗಾಡಿ ಹತ್ತಿ ಹೊರಟ. ಅದು ತಿರುವಿನಲ್ಲಿ ಮರೆಯಾಯಿತು. ಫೋನಿನಲ್ಲಿ ಏಳನೇ ಗಾಡಿ ಇನ್ನೂ ಗುಡ್ಡದಲ್ಲೇ ಮೇಯುತ್ತಿತ್ತು.

ಡಬ್ಬಿ ಕೆಟ್ಟಿದೆ. ಎರಡು ಮಾತು, ಅಷ್ಟೇ ಸಾಕು. ಯಂತ್ರ ಕೆಡುತ್ತದೆ, ಯಾರೂ ಆಣೆ ಕೇಳುವುದಿಲ್ಲ. ಕೊಟ್ಟೂರು ಬರುವವರೆಗೆ ಜಂಬುನಾಥ ಹೆಲ್ಮೆಟ್ಟಿನೊಳಗೆ ಅದನ್ನೇ ಹೇಳಿಕೊಳ್ಳುತ್ತ ಬಂದ. ಡಬ್ಬಿ ಕೆಟ್ಟೈತ್ರಿ. ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂಬುದನ್ನೂ ಸರಿಮಾಡಿಕೊಂಡ.

ಆರಕ್ಕೆ ಸೋಮಶೇಖರ್ ಬಂದರು. ಕಿಟಕಿಯ ಹೊರಗೆ ಏಳನೇ ಗಾಡಿ ತೊಳೆಸಿಕೊಂಡು ನಿಂತಿತ್ತು. ಕಂಪ್ಯೂಟರಿನಲ್ಲಿ ಅದು ಗುಡೇಕೋಟೆ ಹತ್ತಿರದ ಒಂದು ಊರೊಳಗೆ ಹೋಗುತ್ತಿತ್ತು. ಸೋಮಶೇಖರ್ ಒಮ್ಮೆ ಇದನ್ನೂ ಒಮ್ಮೆ ಅದನ್ನೂ ನೋಡಿದರು.

"ಗಾಡಿ ಇಲ್ಲೈತಿ. ಚುಕ್ಕಿ ಅಲ್ಲೈತಿ. ಏನ್ರಿ ಇದು?"

ಜಂಬುನಾಥ ಬಾಯಿ ತೆರೆದ. "ಗಾದೆಪ್ಪ ಬಿಚ್ಚಿ ಟಗರಿಗೆ ಕಟ್ಟ್ಯಾನ್ರಿ" ಎಂಬ ಮಾತು ಹೊರಬಂತು. ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಅಸಹ್ಯವಾಯಿತು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಮಾತು ಎಲ್ಲಿ ಹೋಯಿತೋ.

ಸೋಮಶೇಖರ್ ಬಯ್ಯಲಿಲ್ಲ. ಗಾದೆಪ್ಪನನ್ನು ಕರೆಸಿ, ಕೂಡಿಸಿ, ಚಹಾ ಕೊಟ್ಟು, ನಾಳೆಯಿಂದ ಬರುವುದು ಬೇಡ ಎಂದರು. ಗಾದೆಪ್ಪ ಚಹಾ ಪೂರ್ತಿ ಕುಡಿದ. ಕೀಲಿಕೈಯನ್ನು ಮೇಜಿನ ಮೇಲಿಟ್ಟು, "ಬರ್ತೀನ್ರಿ, ಸರ" ಎಂದ. ಅದು ಇಬ್ಬರಲ್ಲಿ ಯಾರಿಗೆ ಹೇಳಿದ್ದೆಂದು ತಿಳಿಯಲಿಲ್ಲ. ಗೇಟಿನವರೆಗೆ ಅವನ ಬೆನ್ನು ಕಂಡಿತು. ಅಲ್ಲಿಂದ ಮುಂದೆ ಅವನು ಎಡಕ್ಕೆ ಹೋದನೋ ಬಲಕ್ಕೋ, ತೋರಿಸುವ ಚುಕ್ಕೆ ಇರಲಿಲ್ಲ.

"ಕಷ್ಟ ಆತೇನ್ರಿ?" ಎಂದು ಕೇಳಿ ಸೋಮಶೇಖರ್ ಬ್ರಾಂಚ್ ಮ್ಯಾನೇಜರ್ ನೇಮಕದ ಆದೇಶದ ಕಾಗದ ತೆಗೆದು ಜಂಬುನಾಥನ ಹೆಸರು ಬರೆಯತೊಡಗಿದರು.

"ಇಲ್ರಿ."

"ಡಬ್ಬಿ ಯಾವಾಗ ಬರತೈತಿ?"

"ಹರಕಿ ಟಗರು ಐತ್ರಿ. ತೀರೋ ತನಕ ಬಿಚ್ಚಂಗಿಲ್ಲ."

ಸೋಮಶೇಖರ್ ಪೆನ್ನು ಹಿಡಿದ ಕೈಯನ್ನೇ ಎದೆಗೆ ಒತ್ತಿಕೊಂಡರು. "ದೇವರ ಕೆಲಸ. ಅವಸರ ಇಲ್ಲ ಬಿಡ್ರಿ."

ಆಗ ಅವ್ವನ ಫೋನು ಬಂತು. ಫೋನಿನಲ್ಲಿ ಅವಳದು ಯಾವಾಗಲೂ ದೊಡ್ಡ ದನಿ, ದೂರದ ಊರಿಗೆ ಕೂಗುವಂತೆ. ಮೇಜಿನಾಚೆಗೂ ಕೇಳುತ್ತಿತ್ತು.

"ಮೈಲ್ಯಾ ಹೇಳಿದ. ದೊಡ್ಡ ನೌಕರಿ ಕೊಡತಾರಂತ. ಹೌದೇನೊ?"

"ಆಮ್ಯಾಲ ಮಾತಾಡ್ತೀನವ್ವ."

"ಆಮ್ಯಾಲ ಅನಬ್ಯಾಡ. ಇವತ್ತ ಮಂಗಳವಾರ. ಟಗರು ಅಂಗಳದಾಗ ಕಟ್ಟ್ಯಾನ. ಪೂಜಾರಿ ಜಂಬಕ್ಕ ಭಂಡಾರ ಹಿಡಕಂಡು ಕುಂತಾಳ. ನೌಕರಿ ಹೌದು ಅಲ್ಲ, ಅಷ್ಟ ಹೇಳು ನನ್ನಪ್ಪಾ."

ಸೋಮಶೇಖರ್ ಬರೆಯುವುದನ್ನು ನಿಲ್ಲಿಸಿದ್ದರು. ಸಹಿ ಇನ್ನೂ ಬಾಕಿ ಇತ್ತು. ಅವನು ಏನು ಹೇಳುತ್ತಾನೋ ಎಂದು ಸಭ್ಯವಾಗಿ, ನಸುನಗುತ್ತ ಕಾಯುತ್ತಿದ್ದರು.

"ಹೂಂ, ಅವ್ವ" ಎಂದ ಜಂಬುನಾಥ. "ನೌಕರಿ."

ಸೋಮಶೇಖರ್ ಸಹಿ ಮಾಡಿ ಕಾಗದ ಅವನತ್ತ ಸರಿಸಿದರು. ಅವನು ಅದನ್ನು ಮುಟ್ಟಲಿಲ್ಲ. ಪರದೆಯನ್ನು ನೋಡುತ್ತಿದ್ದ. ನಕ್ಷೆಯನ್ನು ಹಿಗ್ಗಿಸಿದ, ಇನ್ನೂ ಹಿಗ್ಗಿಸಿದ. ಊರಿನ ಮನೆ, ಮನೆಯ ಮುಂದೆ ಅಂಗಳ, ಅಂಗಳದಲ್ಲಿ ಏಳನೇ ಗಾಡಿ. ವೇಗ ಸೊನ್ನೆ. ಚುಕ್ಕೆ ತುಸು ಎಡಕ್ಕೆ ಸರಿಯಿತು, ತಿರುಗಿ ಬಲಕ್ಕೆ ಬಂತು. ಹಗ್ಗ ಜಗ್ಗುತ್ತಿದೆಯೋ, ಬರೀ ಯಂತ್ರದ ಅನುಮಾನವೋ. ಅವನು ಮುಖವನ್ನು ಪರದೆಯ ಹತ್ತಿರಕ್ಕೆ ಒಯ್ದ. ಚುಕ್ಕೆ ಹಸಿರಾಗಿಯೇ ಇತ್ತು, ಅಲುಗಾಡುತ್ತಲೇ ಇತ್ತು.