ಅಯ್ಯನವರ ತಪ್ಪು

ಎಂಟು ವರ್ಷದ ಮೇಲೆ ಮತ್ತೆ ಆಫೀಸಿನ ಕುರ್ಚಿಯಲ್ಲಿ ಕೂತಾಗ ರಾಚಯ್ಯನಿಗೆ ಬೇಕಾಗಿದ್ದದ್ದು ಇಷ್ಟೇ: ನಾಲ್ಕು ಜನ ತನ್ನನ್ನು ಗುಮಾಸ್ತ ಎಂದು ಕಾಣಬೇಕು.

ಮೊದಲು ಅವನು ಶಹಾಬಾದಿನ ಕಲ್ಲಿನ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತನೇ ಆಗಿದ್ದ. ಅಪ್ಪ ಲಿಂಗೈಕ್ಯರಾದ ಮೇಲೆ ಮನೆತನದ ಅಯ್ಯತನ ಹೆಗಲಿಗೆ ಬಿತ್ತು. ಮದುವೆ, ಮನೆಶಾಂತಿ, ಲಿಂಗಧಾರಣೆ ಎಂದು ಊರೂರು ತಿರುಗಿದ. ಹೋದಲ್ಲೆಲ್ಲ ಜನ ಪಾದ ತೊಳೆದರು, ಹಣೆ ಹಚ್ಚಿದರು. ಕೇಳಲಿಕ್ಕೆ ಸುಖವೇ. ಆದರೆ ಎಂಟು ವರ್ಷ ಒಬ್ಬರೂ ಎದುರಾಡದಿದ್ದರೆ ಮನುಷ್ಯನಿಗೆ ತಾನು ಇದ್ದೇನೋ ಇಲ್ಲವೋ ಎಂಬ ಅನುಮಾನ ಹತ್ತುತ್ತದೆ. ತಮ್ಮ ದೊಡ್ಡವನಾದ ಕೂಡಲೇ ಅಯ್ಯತನ ಅವನಿಗೊಪ್ಪಿಸಿ, ರಾಚಯ್ಯ ವಾಡಿಯ ಲಾರಿ ಆಫೀಸೊಂದರಲ್ಲಿ ನೌಕರಿಗೆ ಸೇರಿದ.

ಸೇರಿದ್ದೇನೋ ಸರಿ, ಆಫೀಸಿನ ಮಾಲಕ ಅಣವೀರ ಅವನ ಹಳೆಯ ಶಿಷ್ಯ. ಅಣವೀರನ ಮಗನಿಗೆ ಲಿಂಗ ಕಟ್ಟಿದ್ದು ಇದೇ ರಾಚಯ್ಯ. ಹೀಗಾಗಿ ದಿನಾ ಬೆಳಗ್ಗೆ ಅಣವೀರ ಒಳಗೆ ಬರುವುದು, ಗುಮಾಸ್ತನ ಕಾಲು ಮುಟ್ಟುವುದು, ಆಮೇಲೆ ತನ್ನ ಕುರ್ಚಿಯಲ್ಲಿ ಕೂರುವುದು. ಅವನನ್ನು ನೋಡಿ ಡ್ರೈವರ್‌ಗಳೂ ಬಗ್ಗಿದರು. ರಾಚಯ್ಯ ಬೇಡವೆಂದಷ್ಟೂ ಅವನ ದೊಡ್ಡತನ ಬೆಳೆಯಿತು.

ಬಗ್ಗದವನು ಒಬ್ಬನೇ, ಪಕ್ಕದ ಮೇಜಿನ ಚಾಂದ್. ರಾಚಯ್ಯ ಬರೆದ ಲೋಡಿಂಗ್ ಚೀಟಿಗಳನ್ನು ನೋಡಿ ಲಾರಿ ಬಿಡುವ ಕೆಲಸ ಅವನದು. "ಏ ರಾಚಣ್ಣ, ನಂಬರ್ ಉಲ್ಟಾ ಬರ್ದೀದಿ ನೋಡೋ! ಚಷ್ಮಾ ಎಲ್ಲಿಟ್ಟಿ?" ಎಂದು ನಗುತ್ತಿದ್ದ. ಆ ಬೈಗುಳಕ್ಕಾಗಿಯೇ ರಾಚಯ್ಯ ದಿನಾ ಚಿತ್ತಾಪುರದಿಂದ ಬಸ್ಸು ಹತ್ತಿ ಬರುತ್ತಿದ್ದ ಎಂದರೂ ಸುಳ್ಳಲ್ಲ.

ಒಂದು ದಿನ ಚಾಂದ್ ಅಂಗಳದಲ್ಲಿ ಬೇರೆ ಲಾರಿ ತುಂಬಿಸುತ್ತಿದ್ದ. ಗುಂಡಗುರ್ತಿಯಿಂದ ಯಾರದೋ ಫೋನು, ಮಗಳ ಮದುವೆಗೆ ದಿನ ನೋಡಿ ಹೇಳಬೇಕಂತೆ. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? ರಾಚಯ್ಯ ಬಾಯಲ್ಲಿ ಮುಹೂರ್ತ ಹೇಳುತ್ತ, ಕೈಯಲ್ಲಿ ಚೀಟಿ ಬರೆಯುತ್ತ, ಸೇಡಂಗೆ ಹೋಗಬೇಕಾದ ಸಿಮೆಂಟನ್ನು ಚಿಂಚೋಳಿಗೆ ಬರೆದ. ಡ್ರೈವರ್ ಅವಸರದಲ್ಲಿದ್ದ, ರಾಚಯ್ಯ ಚಾಂದ್‌ಗೆ ತೋರಿಸದೆ ಚೀಟಿಯನ್ನು ತಾನೇ ಅವನ ಕೈಗಿಟ್ಟುಬಿಟ್ಟ. ಚಿಂಚೋಳಿಯಲ್ಲಿ ಆ ಮಾಲು ಇಳಿಸಿಕೊಳ್ಳುವವರಿಲ್ಲ. ಎರಡು ದಿನ ಮಳೆ. ಹರಿದ ತಾಡಪಾಲಿನ ಕೆಳಗೆ ಚೀಲಗಳೆಲ್ಲ ಕಲ್ಲಾದವು.

ಅಣವೀರ ಚೀಟಿ ನೋಡಿದ. ಅಕ್ಷರ ಯಾರದೆಂದು ಅವನಿಗೆ ಗೊತ್ತು. ಆದರೂ ಚಾಂದ್‌ನ ಕಡೆ ತಿರುಗಿ, "ನೋಡಾದು ನಿನ್ನ ಕೆಲಸ ಇತ್ತೋ ಇಲ್ಲೋ? ನಾಳಿಂದ ಬರಬ್ಯಾಡ" ಎಂದ.

ರಾಚಯ್ಯ ಎದ್ದು ನಿಂತ. "ಸಾವ್ಕಾರ್ರೇ, ತಪ್ಪು ನಂದದರಿ. ಅಂವಗ ಆ ಚೀಟಿ ತೋರಿಸೇ ಇಲ್ಲ ನಾ."

"ನಿಮ್ಮ ಬಾಯಾಗ ಅಂಥಾ ಮಾತು ಬರಬಾರದ್ರಿ ಅಯ್ಯನೋರೆ. ನೀವು ಕುಂದ್ರಿ."

ಚಾಂದ್ ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದ. ತಿರುಗಿ ಸಹ ನೋಡಲಿಲ್ಲ. ಮರುದಿನ ರಾಚಯ್ಯ ತಪ್ಪೊಪ್ಪಿಗೆ ಬರೆದು ತಂದುಕೊಟ್ಟ. ಅಣವೀರ ಅದನ್ನು ಓದಲಿಲ್ಲ. ಎರಡೂ ಕಣ್ಣಿಗೆ ಒತ್ತಿಕೊಂಡು, ಗೋಡೆಯ ಮೇಲಿನ ಬಸವಣ್ಣನವರ ಫೋಟೋದ ಹಿಂದೆ ಸಿಕ್ಕಿಸಿದ.

ನಾಲ್ಕು ದಿನ ಪಕ್ಕದ ಮೇಜು ಖಾಲಿ ಬಿದ್ದಿತ್ತು. ಗುಮಾಸ್ತನಾಗಿ ಎಷ್ಟು ಹೇಳಿದರೂ ಕೇಳುವವರಿಲ್ಲ. ತಾನೂ ನೌಕರಿ ಬಿಟ್ಟರೆ ಚಾಂದ್‌ಗೆ ಏನು ಬಂತು? ಕೊನೆಗೆ ಐದನೆಯ ದಿನ ರಾಚಯ್ಯ ಹಣೆ ತುಂಬ ವಿಭೂತಿ ಧರಿಸಿ ಬಂದ. ಅಣವೀರ ಬಗ್ಗಿದಾಗ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಅಣವೀರಾ, ಚಾಂದ್‌ನ ಕರಸು. ಇದು ನನ್ನ ಅಪ್ಪಣಿ."

"ಆಗ್ಲಿರಿ ಅಪ್ಪಾ" ಎಂದ ಅಣವೀರ, ಒಂದು ಮಾತೂ ಎದುರಾಡದೆ.

ಮಧ್ಯಾಹ್ನದೊಳಗೆ ಚಾಂದ್ ಬಂದು ಬಾಗಿಲಲ್ಲಿ ನಿಂತ. ರಾಚಯ್ಯನ ಎದೆ ಹಗುರವಾಯಿತು. ಈಗ ಚಷ್ಮಾದ ಮಾತು ಬರುತ್ತದೆ, ಮನಸಾರೆ ಬೈಯುತ್ತಾನೆ, ಬೈಯಲಿ ಎಂದು ಕಾದ.

ಅಷ್ಟರಲ್ಲಿ ಅಣವೀರ ಎಲ್ಲರಿಗೂ ಕೇಳುವಂತೆ ಹೇಳಿದ: "ನೋಡಪಾ ಚಾಂದ್, ಅಯ್ಯನೋರು ದೊಡ್ಡ ಮನಸ ಮಾಡಿ ನಿನ್ನ ತಪ್ಪು ಹೊಟ್ಟ್ಯಾಗ ಹಾಕ್ಕೊಂಡಾರ. ಅವರಿಗಿ ಕೈ ಮುಗಿ."

ರಾಚಯ್ಯ ಬಾಯಿ ತೆರೆದ. ಚಾಂದ್ ಅವನ ಮುಖವನ್ನೇ ನೋಡುತ್ತಿದ್ದ. ಮನೆಯಲ್ಲಿ ಹೆಂಡತಿ ಮಕ್ಕಳಿರುವವನು, ನೌಕರಿ ಬೇಕಾದವನು. ನಿಧಾನವಾಗಿ ಎರಡೂ ಕೈ ಜೋಡಿಸಿದ.

"ಮೆಹರ್ಬಾನಿರಿ, ಅಯ್ಯನೋರೆ."

ಅವತ್ತಿನಿಂದ ಆ ಆಫೀಸಿನಲ್ಲಿ ಅವನನ್ನು ರಾಚಣ್ಣ ಎನ್ನುವವರು ಯಾರೂ ಉಳಿಯಲಿಲ್ಲ.