ಬರಿಯ ಭಯ

ಅತ್ತೆಯ ಕೈ ಆಗಲೇ ಅವನ ಚೀಲದೊಳಗೆ ಹೋಗಿತ್ತು.

"ಪೆಪ್ಪರ್‌ಮೆಂಟು ಇಟ್ಟಿರ್ತೀಯಲ್ಲೋ, ಎಲ್ಲಿ ಬಚ್ಚಿಟ್ಟಿದೀಯ?" ಎನ್ನುತ್ತ ಬೈಬಲನ್ನು ಹೊರಗಿಟ್ಟಳು, ಕನ್ನಡಕದ ಡಬ್ಬಿಯನ್ನು ಹೊರಗಿಟ್ಟಳು, ಶಾಲೆಯ ಬೀಗದಕೈ ಗೊಂಚಲನ್ನು ಹೊರಗಿಟ್ಟಳು. ಮನೆಯಲ್ಲಿದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಅವಳು. ಅವಳ ಕಾಲ ಬಳಿ ಚಾಪೆಯ ಮೇಲೆ ಲಿಸಿಯಾಟೆ. ಬಾಯಲ್ಲಿ ಗೆಣಸಿನ ತುತ್ತಿತ್ತು. ನುಂಗಲು ಮರೆತಿದ್ದ.

ಚೀಲದ ತಳದಲ್ಲಿ ಏನೋ ಗಲಗಲ ಎಂದಿತು.

"ಇದೇನೋ?"

"ಏನಿಲ್ಲ ಅತ್ತೆ."

"ಏನಿಲ್ಲ ಅನ್ನೋದು ಇಷ್ಟು ಸದ್ದು ಮಾಡುತ್ತೇನೋ?" ಪುಟ್ಟ ಸೀಸೆಯನ್ನು ಬೆಳಕಿಗೆ ಹಿಡಿದಳು. ಸೀಸೆಯ ಮೇಲಿನ ಚೀಟಿಯನ್ನು ಅವನು ಎಂದೋ ಉಗುರಿನಿಂದ ಕೆರೆದು ತೆಗೆದಿದ್ದ. ಹೆಸರೂ ಇರಲಿಲ್ಲ, ಎಚ್ಚರಿಕೆಯೂ ಇರಲಿಲ್ಲ.

"ಮಾತ್ರೆ."

"ಅದು ಕುರುಡರಿಗೂ ಗೊತ್ತಾಗುತ್ತೆ. ಯಾತಕ್ಕೆ?"

ಒಲೆಯ ಕಡೆಯಿಂದ ಬರುತ್ತಿದ್ದ ಹೆಂಡತಿ ಸೇಯಿನಿ ಬಾಗಿಲಲ್ಲೇ ನಿಂತಳು. ಅವಳಿಗೂ ಗೊತ್ತಿರಲಿಲ್ಲ.

"ತಲೆನೋವಿಗೆ" ಎಂದ ಲಿಸಿಯಾಟೆ.

"ತಲೆನೋವಿಗೆ ಆಗೋದು ಬೆನ್ನುನೋವಿಗೆ ಆಗಲ್ವೇ? ನನ್ನ ಮಗ ಫೆಲೆಟಿ ರಾತ್ರಿಯಿಂದ ಬೆನ್ನು ಹಿಡ್ಕೊಂಡು ನರಳ್ತಾ ಇದಾನೆ. ನನ್ನ ಮಂಡಿಯಂತೂ ದೇವರಿಗೇ ಪ್ರೀತಿ." ಸೀಸೆಯನ್ನು ರವಿಕೆಯೊಳಗೆ ತಳ್ಳಿಕೊಂಡಳು. "ಓದಿದೋರ ಔಷಧಿ ಬೇಗ ಹಿಡಿಯುತ್ತೆ. ಸೇಯಿನಿ, ಇನ್ನೊಂದು ಲೂ ಹಾಕಮ್ಮ. ಮಾಂಸ ಕಮ್ಮಿ ಇರೋದು ನಿನ್ನ ಗಂಡನಿಗಿರಲಿ."

ಸೇಯಿನಿ ಲೂ ಎಂಬ ಆ ಕೆಸುವಿನೆಲೆಯ ಮಾಂಸದ ಪೊಟ್ಟಣ ಬಿಚ್ಚಿದಳು. ತೆಂಗಿನ ಹಾಲಿನ ಬಿಸಿ ಹಬೆ ಎದ್ದಿತು. ಎಲ್ಲರೂ ನಕ್ಕರು. ಲಿಸಿಯಾಟೆಯೂ ನಕ್ಕ.

ಅತ್ತೆಯೆಂದರೆ ತಂದೆಯ ಅಕ್ಕ; ಟೋಂಗಾದ ಮನೆಗಳಲ್ಲಿ ಅವಳಿಗಿಂತ ದೊಡ್ಡವರಿಲ್ಲ. ಅವಳು ಕೇಳಿದ್ದಕ್ಕೆ ಇಲ್ಲವೆನ್ನುವವರು ಆ ಊರಿನಲ್ಲಿ ಹುಟ್ಟಿರಲಿಲ್ಲ. ಕೇಳುವ ಅಗತ್ಯವೂ ಅವಳಿಗಿರಲಿಲ್ಲ. ಅವನಿಗೆ ಹೆಸರಿಟ್ಟವಳು ಅವಳು. ಅವನ ಮದುವೆಗೆ ಉಡುಗೊರೆಯಾಗಿ ಬಂದ ಚಾಪೆಗಳಲ್ಲಿ ಎಲ್ಲಕ್ಕಿಂತ ನುಣುಪಾದದ್ದನ್ನು ಒಯ್ದವಳು ಅವಳು. ಆಕ್ಲೆಂಡಿನಲ್ಲಿ ಪದವಿ ಮುಗಿಸಿ ಬರುವಾಗ ತಂದ ರೇಡಿಯೋ ಅವಳ ಕಿಟಕಿಯಲ್ಲಿ ಹಾಡುತ್ತಿತ್ತು. ಅದಕ್ಕೆಲ್ಲ ಅವನು ಎಂದೂ ಕೊರಗಿದವನಲ್ಲ. ಆದರೆ ಈ ಸೀಸೆ ಬೇರೆ. ಅವನ ಬದುಕಿನಲ್ಲಿ ಅವನೊಬ್ಬನದೇ ಎನ್ನಬಹುದಾದ ವಸ್ತು ಅದೊಂದೇ ಇತ್ತು.

ಸೀಸೆ ತರಿಸಿದ ಕಾಯಿಲೆ ಮೊದಲು ಬಂದದ್ದು ಈಸ್ಟರಿಗೆ ಮುಂಚೆ. ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಮುಂದೆ ಬಾಯಿ ತೆರೆದವನಿಗೆ ಎದೆ ಒಡೆದುಹೋಗುವಂತೆ ಬಡಿದುಕೊಂಡಿತು. ಕೈ ಮರಗಟ್ಟಿತು. ಸಾಯುತ್ತಿದ್ದೇನೆ ಎಂದುಕೊಂಡ. ಸಾಯಲಿಲ್ಲ. ರಾಜಧಾನಿ ನುಕುಅಲೋಫಾದ ಆಸ್ಪತ್ರೆಯಲ್ಲಿ ಹೃದಯ ಚೆನ್ನಾಗಿದೆ ಎಂದರು. ಆಮೇಲೆ ಅದು ಚರ್ಚಿನಲ್ಲಿ ಬಂತು, ಮೀನಿನ ಮಾರುಕಟ್ಟೆಯಲ್ಲಿ ಬಂತು, ಕೊನೆಗೆ ಬರುತ್ತದೆಯೋ ಏನೋ ಎಂಬ ಯೋಚನೆಯಲ್ಲೇ ಬಂತು.

ಮಾತ್ರೆ ಕೊಟ್ಟ ಡಾಕ್ಟರಮ್ಮ ನಿಧಾನವಾಗಿ ಮಾತನಾಡುವವರು. "ಇದು ಸ್ವಲ್ಪ ಕಾಲಕ್ಕೆ ಊರುಗೋಲು ಅಷ್ಟೆ, ಮೇಷ್ಟ್ರೇ. ಸಾಕು ಅನ್ನಿಸಿದ ದಿನ ಥಟ್ಟನೆ ಬಿಟ್ಟುಬಿಡಬೇಡಿ, ಮೈ ತಿರುಗಿಬೀಳುತ್ತೆ. ನಾನು ಹೇಳಿದ ಹಾಗೆ ಇಳಿಸ್ತಾ ಬನ್ನಿ. ಇದರ ಜತೆ ಕಾವಾ ಬೇಡ, ಹೆಂಡ ಬೇಡ. ಗಾಡಿ ಓಡಿಸಬೇಡಿ. ಇನ್ನೊಬ್ಬರಿಗೆ ಒಂದೇ ಒಂದೂ ಕೊಡಬೇಡಿ."

ಮಾತ್ರೆಯ ಜೊತೆಗೆ ಆಕೆ ಒಂದು ಪಾಠವನ್ನೂ ಕಲಿಸಿದ್ದರು. ಭಯ ಬಂದಾಗ ಓಡಬಾರದು. ಉಸಿರನ್ನು ನಿಧಾನವಾಗಿ ಹೊರಗೆ ಬಿಡಬೇಕು. ಇದು ಅಪಾಯವಲ್ಲ, ಇದು ಬರಿಯ ಭಯ. ಏರಿದ್ದು ಇಳಿಯುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಗಣಿತ ಕಲಿಸುವವನಿಗೆ ಸೂತ್ರ ಹಿಡಿಸಿತು. ಮಾತ್ರೆ ಒಂದಿದ್ದದ್ದು ಅರ್ಧಕ್ಕೆ ಇಳಿದಿತ್ತು. ಗಂಡಸರು ಕೂಡಿ ಮಂಪರು ತರುವ ಬೇರಿನ ರಸ, ಕಾವಾ, ಕುಡಿಯುವ ಸುತ್ತಿನಲ್ಲಿ ಹೊಟ್ಟೆಹುಣ್ಣು ಎಂದು ಹೇಳಿ ಬಟ್ಟಲನ್ನು ದಾಟಿಸುತ್ತಿದ್ದ. "ಮೇಷ್ಟ್ರಿಗೆ ಗಣಿತ ಜೀರ್ಣ ಆಗಿಲ್ಲ" ಎಂದು ಗಂಡಸರು ನಗುತ್ತಿದ್ದರು. ನಗಲಿ. ಆದರೆ ಚರ್ಚಿನಲ್ಲಿ ಉಪದೇಶವನ್ನೂ ಮಾಡುವ ಲಿಸಿಯಾಟೆ, ದೇವರನ್ನು ನಂಬಿದವನಿಗೆ ಹೆದರಿಕೆಯಿಲ್ಲ ಎಂದು ಹೋದ ತಿಂಗಳು ಗಟ್ಟಿಯಾಗಿ ಸಾರಿದವನು, ಹೆದರಿಕೆಗೆ ಮಾತ್ರೆ ನುಂಗುತ್ತಾನೆಂದು ತಿಳಿದರೆ ನಗುವುದಿಲ್ಲ. ಮರುಕಪಡುತ್ತಾರೆ. ಸೇರಿ ಪ್ರಾರ್ಥಿಸುತ್ತಾರೆ. ಅದನ್ನು ನೆನೆದರೇ ಅವನ ಅಂಗೈ ಬೆವರುತ್ತಿತ್ತು.

ಊಟವಾಯಿತು. ಟೋಂಗಾದ ಭಾನುವಾರ ನಿದ್ದೆಗೆ ಬಿದ್ದಿತು. ಅಂಗಡಿಗಳಿಲ್ಲ, ಔಷಧದ ಅಂಗಡಿಯೂ ಇಲ್ಲ. ಹಂದಿಗಳು ಕೂಡ ದೀವಿಹಲಸಿನ ಮರದ ನೆರಳಲ್ಲಿ ಮಲಗಿದವು. ಲಿಸಿಯಾಟೆ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದ. ರಾತ್ರಿಯ ಅರ್ಧ ಮಾತ್ರೆ ಇಲ್ಲ. ನಾಳೆ ಬೆಳಗ್ಗೆ ಮೈ ತಿರುಗಿಬಿದ್ದರೆ? ಶಾಲೆಯಲ್ಲಿ, ಮಕ್ಕಳ ಮುಂದೆ, ನೊರೆ ಕಾರುತ್ತ?

ಎದ್ದು ಬೇಲಿ ದಾಟಿ ಅತ್ತೆಯ ಮನೆಗೆ ಹೋದ.

ಅತ್ತೆ ಜಗಲಿಯಲ್ಲಿ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಳು. "ಬಾ ಬಾ. ನಿನ್ನ ಔಷಧಿ ಪವಾಡ ಕಣೋ! ಫೆಲೆಟಿಗೆ ಎರಡು ಕೊಟ್ಟೆ. ಪಾದ್ರಿಗಳ ಜೊತೆ ಕಾವಾಕ್ಕೆ ಕೂತಿದ್ದನಾ, ಅಲ್ಲಿಗೇ ತೊಗೊಂಡು ಹೋಗಿ ಕೊಟ್ಟೆ. ಕಾವಾದಲ್ಲೇ ನುಂಗಿದ. ಈಗ ನೋಡು, ಕೂಸಿನ ಹಾಗೆ ಮಲಗಿದಾನೆ."

ಒಳಗೆ ಫೆಲೆಟಿ ಬಾಯಿ ತೆರೆದು ಬಿದ್ದಿದ್ದ. ಉಸಿರು ಎಳೆಯುತ್ತಿದ್ದ, ತಡೆದು, ಮತ್ತೆ ಎಳೆಯುತ್ತಿದ್ದ.

"ಎಬ್ಬಿಸಬೇಡಿ" ಎಂದ ಲಿಸಿಯಾಟೆ.

"ಎಬ್ಬಿಸದೆ? ಸಂಜೆ ಹಾಡುವ ಮಕ್ಕಳನ್ನ ಆಚೆ ಊರಿನ ಚರ್ಚಿಗೆ ಯಾರು ಕರ್ಕೊಂಡು ಹೋಗ್ತಾರೆ, ನೀನಾ? ಲಾರಿಯ ಬ್ರೇಕು ಎಡಕ್ಕೋ ಬಲಕ್ಕೋ ಅಂತ ನಿನಗೆ ಗೊತ್ತೇನೋ?"

ಅವನಿಗೆ ಗೊತ್ತಿತ್ತು. ಆದರೆ ಮಾತ್ರೆ ಶುರುವಾದ ಮೇಲೆ ಅವನು ಗಾಡಿ ಮುಟ್ಟಿರಲಿಲ್ಲ. ಹೇಳಬೇಕು ಎಂದುಕೊಂಡ. ಅತ್ತೆ, ಅದು ನೋವಿನ ಮಾತ್ರೆಯಲ್ಲ. ಅಷ್ಟೇ ಮಾತು. ಆಮೇಲೆ ಅತ್ತೆ, ಮತ್ಯಾತರದೋ ಎನ್ನುತ್ತಾಳೆ.

"ಅತ್ತೆ."

"ಹೇಳು."

"ಒಂದೆರಡು ನನಗೂ ಕೊಡಿ. ತಲೆ ಸಿಡೀತಿದೆ."

ಅತ್ತೆ ನಕ್ಕು ರವಿಕೆಯೊಳಗಿನಿಂದ ಸೀಸೆ ತೆಗೆದಳು. ಎರಡು ಮಾತ್ರೆಗಳನ್ನು ಅವನ ಅಂಗೈಗೆ ಹಾಕಿ ಬೆರಳುಗಳನ್ನು ತಾನೇ ಮಡಿಚಿದಳು. "ತೊಗೋ. ಅತ್ತೆ ಕೈಬಿಡಲ್ಲ."

ಮಾತ್ರೆಗಳು ಬೆಚ್ಚಗಿದ್ದವು. ಅವನು ತಲೆ ಬಗ್ಗಿಸಿ ವಂದಿಸಿದ. ಮನೆಗೆ ನಡೆಯುವಾಗ ಎದೆಯ ಭಾರ ಇಳಿದದ್ದು ತಿಳಿದು ಅವನಿಗೇ ಅಸಹ್ಯವಾಯಿತು.

ಸಂಜೆ ಚರ್ಚಿನ ಮುಂದೆ ಮರದ ನಗಾರಿ ಬಡಿದರು. ಮಕ್ಕಳು ಬಿಳಿ ಬಟ್ಟೆಯಲ್ಲಿ, ಚರ್ಚಿಗೆ ಹೋಗುವ ವಾಡಿಕೆಯಂತೆ ಸೊಂಟಕ್ಕೆ ಚಾಪೆ ಬಿಗಿದುಕೊಂಡು, ಲಾರಿಯ ಹಿಂಭಾಗಕ್ಕೆ ಹತ್ತುತ್ತಿದ್ದರು. ಅವನ ಮಗಳು ಲವೀನಿಯಾ ಆಗಲೇ ಮೇಲೇರಿ ಗೆಳತಿಯ ಜಡೆ ಬಿಗಿಯುತ್ತಿದ್ದಳು. ಫೆಲೆಟಿ ನಲ್ಲಿಯ ಕೆಳಗೆ ತಲೆ ಹಿಡಿದು ಎದ್ದ. ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಏನೋ, ಬೆನ್ನು ಹೇಗಿದೆ?" ಎಂದ ಲಿಸಿಯಾಟೆ.

"ಬೆನ್ನಾ?" ಫೆಲೆಟಿ ತುಸು ಹೊತ್ತು ಯೋಚಿಸಿದ. "ಬೆನ್ನೇ ಇಲ್ಲ ಕಣೋ. ಮೋಡದ ಮೇಲೆ ಕೂತ ಹಾಗಿದೆ."

"ನಾನು ಓಡಿಸಲಾ?"

"ನೀನಾ? ಕಾರು ಬಿಟ್ಟು ಸೈಕಲ್ ಹಿಡಿದೋನು! ಪಾದ್ರಿಗಳೇ, ಕೇಳಿದ್ರಾ? ಮೇಷ್ಟ್ರು ಲಾರಿ ಓಡಿಸ್ತಾರಂತೆ. ಹಾಗಾದ್ರೆ ಮಕ್ಕಳು ಅಲ್ಲಿ ಮುಟ್ಟೋದು ನಾಳೆ ಬೆಳಗ್ಗೆಯೇ!"

ಮೇಲೆ ಮಕ್ಕಳು ಗೊಳ್ಳೆಂದರು. ಫೆಲೆಟಿ ಬಾಗಿಲ ಹಿಡಿಗೆ ಕೈ ಚಾಚಿದ. ಹಿಡಿ ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು. ಯಾರೂ ನೋಡಲಿಲ್ಲ, ಲಿಸಿಯಾಟೆಯೊಬ್ಬ ನೋಡಿದ.

ರಸ್ತೆ ಅವನಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಊರು ದಾಟಿದರೆ ಹಿನ್ನೀರಿನ ಅಂಚು. ಒಂದು ಕಡೆ ತೆಂಗು, ಇನ್ನೊಂದು ಕಡೆ ನೀರು. ನಡುವೆ ತಡೆಗೋಡೆಯಿಲ್ಲ.

ಎದೆ ಬಡಿಯತೊಡಗಿತು. ಬೆರಳ ತುದಿ ಜುಮುಗುಟ್ಟಿತು. ಬಂತು, ಎಂದುಕೊಂಡ, ಎಲ್ಲರ ಎದುರು ಬಂತು. ಅವನು ಕಲಿತಂತೆ ಕಾಲು ಊರಿ ನಿಂತ. ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟ. ಇದು ಅಪಾಯವಲ್ಲ. ಇದು ಬರಿಯ ಭಯ. ಏರಿದ್ದು ಇಳಿಯುತ್ತದೆ.

ಲಾರಿಯ ಯಂತ್ರ ಗುರ್ರೆಂದಿತು.

ಇದು ಅಪಾಯವಲ್ಲ, ಎಂದು ಮತ್ತೆ ಹೇಳಿಕೊಂಡ. ಪಾಠ ಕೆಲಸ ಮಾಡಿತು. ಬಡಿತ ಒಂದಿಷ್ಟು ತಗ್ಗಿತು. ಸುಳ್ಳನ್ನು ಇಷ್ಟು ಚೆನ್ನಾಗಿ ಕಲಿತಿದ್ದೇನೆಯೇ ಎಂಬ ಯೋಚನೆ ಬಂದು, ನಿಲ್ಲದೆ ಹೋಯಿತು.

ಪಾದ್ರಿ ಹತ್ತಿರ ಬಂದರು. ಅವರು ಗಾಡಿಯ ಮುಂದಿನ ಸೀಟಿಗೆ ಹತ್ತುವವರಿದ್ದರು. "ಏನು ಮೇಷ್ಟ್ರೇ, ಮುಖ ಬಿಳಿಚಿಕೊಂಡಿದೆ? ಏನೋ ಹೇಳೋ ಹಾಗಿದೀರಿ."

ಮಾತು ನಾಲಗೆಯ ಮೇಲಿತ್ತು. ಅದರ ಹಿಂದೆ ಇನ್ನೊಂದು ಮಾತು ಇತ್ತು; ಅದರ ಹಿಂದೆ ಎಲ್ಲರ ಮುಖಗಳು, ಹೆಗಲ ಮೇಲೆ ಬೀಳುವ ಕೈಗಳು, ಅವನಿಗಾಗಿ ಕಣ್ಣು ಮುಚ್ಚಿ ಮಂಡಿಯೂರಿದ ಇಡೀ ಸಭೆ.

"ಏನಿಲ್ಲ ಪಾದ್ರಿಗಳೇ. ಮಳೆ ಬರಬಹುದು ಅಂತ."

ಪಾದ್ರಿ ಆಕಾಶ ನೋಡಿದರು. ಒಂದು ಮೋಡವೂ ಇರಲಿಲ್ಲ. "ದೇವರು ನೋಡ್ಕೊಳ್ತಾನೆ" ಎಂದು ನಕ್ಕು ಹತ್ತಿ ಕೂತರು.

ಆಗ ಲಿಸಿಯಾಟೆ ಲಾರಿಯ ಹಿಂದಕ್ಕೆ ಓಡಿದ. "ಲವೀನಿಯಾ! ಇಳಿ."

"ಯಾಕಪ್ಪ?"

"ಅಮ್ಮ ಕರೀತಿದಾಳೆ. ಅವಳಿಗೆ ಹುಷಾರಿಲ್ಲ."

"ಈಗ ನೋಡಿದೆನಲ್ಲ, ಚೆನ್ನಾಗೇ ಇದ್ದಳು! ಅಪ್ಪ, ನನ್ನ ಬಿಟ್ರೆ ನನ್ನ ಪಾಲಿನ ದನಿ ಹಾಡೋರು ಯಾರೂ ಇಲ್ಲ."

"ಇಳಿ ಅಂದ್ರೆ ಇಳಿ."

ಅವಳ ರಟ್ಟೆ ಹಿಡಿದು ಇಳಿಸಿಕೊಂಡ. ಗೆಳತಿ ಅರ್ಧ ಹೆಣೆದ ತನ್ನ ಜಡೆಯನ್ನು ತಾನೇ ಹಿಡಿದುಕೊಂಡು ಕೆಳಗೆ ನೋಡಿದಳು. ಅವಳು ಮೀನುಗಾರ ಹೌಸಿಯಾನ ಮಗಳು. ಅವಳ ಪಕ್ಕದ ಹುಡುಗ ಲಿಸಿಯಾಟೆಯ ತರಗತಿಯವನು. ನಮಸ್ಕಾರ ಸಾರ್ ಎಂದ. ಲಿಸಿಯಾಟೆ ನಮಸ್ಕಾರ ಎಂದ.

ಲಾರಿ ಹೊರಟಿತು. ತಿರುವಿನಲ್ಲಿ ತುಸು ಬಲಕ್ಕೆ ವಾಲಿತು, ಸರಿಮಾಡಿಕೊಂಡಿತು. ಮಕ್ಕಳು ಹಾಡಲು ಶುರುಮಾಡಿದರು. ಧೂಳು ಇಳಿಯುವ ಹೊತ್ತಿಗೆ ಲಾರಿ ತೆಂಗಿನ ಮರಗಳ ಆಚೆಗೆ ಹೋಗಿತ್ತು; ಹಾಡು ಮಾತ್ರ ಉಳಿದಿತ್ತು. ಅದು ಸಣ್ಣದಾಗುತ್ತ ಬಂತು. ಆಮೇಲೆ ಕೇಳಿಸಲಿಲ್ಲ.

ದೂರಕ್ಕೆ ಹೋದದ್ದರಿಂದ ಕೇಳಿಸಲಿಲ್ಲ, ಎಂದು ಲಿಸಿಯಾಟೆ ಹೇಳಿಕೊಂಡ. ಕಿವಿ ಮಾತ್ರ ಅತ್ತಲೇ ಇತ್ತು. ಒಂದು ಕೂಗಿಗಾಗಿ, ನೀರು ಒಡೆದ ಸದ್ದಿಗಾಗಿ, ಯಾವುದಕ್ಕಾದರೂ.

"ಅಮ್ಮನಿಗೆ ಏನಾಗಿದೆ?" ಎಂದಳು ಮಗಳು.

"ಏನಿಲ್ಲ."

"ಮತ್ತೆ ನನ್ನ ಯಾಕೆ ಇಳಿಸಿದೆ?"

ಅವಳು ಅವನ ಕೈ ಕಿತ್ತುಕೊಂಡು ಹೋಗಿ ಚರ್ಚಿನ ಮೆಟ್ಟಿಲ ಮೇಲೆ, ಅವನಿಗೆ ಬೆನ್ನು ಹಾಕಿ ಕೂತಳು. ಆಮೇಲೆ ಮಂಡಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಹಾಡತೊಡಗಿದಳು. ಪೂರ್ತಿ ಹಾಡಲ್ಲ, ತನ್ನ ಪಾಲಿನ ದನಿಯನ್ನು ಮಾತ್ರ. ಒಂದು ಸಾಲಿನ ತುಣುಕು ಹಾಡಿ ನಿಲ್ಲುವಳು. ಉಳಿದವರ ಸರದಿ ಬಂದಾಗ ಬಾಯಿ ಮುಚ್ಚಿ, ಬೆರಳಾಡಿಸುತ್ತ, ಅವರು ಹಾಡಿ ಮುಗಿಸಲೆಂದು ಕಾಯುವಳು. ತಾಳ ತಪ್ಪದೆ ಮತ್ತೆ ಎತ್ತಿಕೊಳ್ಳುವಳು.

ಖಾಲಿ ಅಂಗಳದಲ್ಲಿ ಲಿಸಿಯಾಟೆ ನಿಂತೇ ಇದ್ದ. ಮಗಳು ಮತ್ತೆ ಬಾಯಿ ಮುಚ್ಚಿದಳು. ಬೆರಳು ಮಂಡಿಯ ಮೇಲೆ ಬಡಿಯುತ್ತಿತ್ತು. ಯಾರೂ ಹಾಡದ ಆ ಜಾಗ ಮುಗಿಯುವುದನ್ನು ಅವನು ಕಾಯುತ್ತಿದ್ದ.