ಲೆಕ್ಕಕ್ಕಿಲ್ಲದ ವರ್ಷ

“ಒಂದೇ ಮಾತು ಹೇಳಕ್ಕಾ. ಸಿಮೆಂಟೋ, ಸಾಬೂನೋ?” ದೌಲಪ್ಪ ಮತ್ತೆ ಕೇಳಿದ.

ಮಲ್ಲಿಕಾ ಲ್ಯಾಪ್‌ಟಾಪನ್ನು ತನ್ನತ್ತ ಇನ್ನಷ್ಟು ತಿರುಗಿಸಿಕೊಂಡಳು. ಕಲಬುರಗಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು ಆಕೆ. ತರಗತಿಯಲ್ಲಿ ನಿಂತರೆ ಮಾತಿಗೆ ತಡೆಯಿಲ್ಲ. ಕಮಲಾಪುರದ ಈ ಪಡಸಾಲೆಯಲ್ಲಿ, ಒಡಹುಟ್ಟಿದ ತಮ್ಮನೆದುರು, ಬಾಯಿ ಕಟ್ಟಿಹೋಗಿತ್ತು.

ರೊಕ್ಕ ದೌಲಪ್ಪನದಾಗಿದ್ದರೆ ಇಷ್ಟು ಸಂಕಟವಿರಲಿಲ್ಲ. ಅದು ಅವನ ಹೆಂಡತಿ ಲಲಿತಾಬಾಯಿಯದು. ಬಾಳೆಕಾಯಿ ಚಿಪ್ಸ್ ಕರಿದು, ಪೊಟ್ಟಣ ಕಟ್ಟಿ, ಹುಮನಾಬಾದ ರಸ್ತೆಯ ಅಂಗಡಿಗಳಿಗೆ ಕೊಟ್ಟು ಕೂಡಿಸಿದ್ದು. ಒಂದು ಜೋಡಿ ಬಂಗಾರದ ಪಾಟ್ಲಿ ಬಳೆ ಮಾಡಿಸಿಕೊಳ್ಳಬೇಕೆಂದು ಆಕೆಯ ಆಸೆ. ಶೇರಿಗೆ ಹಾಕಿದರೆ ಎರಡು ಜೋಡಿ ಆದಾವು ಎಂದು ಇವನ ಹಟ. ಓದಿದ ಅಕ್ಕ ಯಾವುದಕ್ಕೆ ಹೂಂ ಅನ್ನುತ್ತಾರೋ ಅದಕ್ಕೆ ತನ್ನದೂ ಹೂಂ ಎಂದು ಲಲಿತಾಬಾಯಿ ಒಪ್ಪಿಬಿಟ್ಟಿದ್ದಳು. ಅವತ್ತಿನಿಂದ ಮಲ್ಲಿಕಾಳಿಗೆ ನೆಮ್ಮದಿಯಿಲ್ಲ.

ಕಲಬುರಗಿಯ ಖೂಬಾ ಪ್ಲಾಟಿನ ತನ್ನ ಮನೆಯಲ್ಲಿ ಕೂತು ಸಿಮೆಂಟು, ಸಾಬೂನು ಎರಡೂ ಕಂಪನಿಗಳ ಶೇರು ವರ್ಷವರ್ಷ ಕೊಟ್ಟ ಲಾಭವನ್ನು ಜಾಲಾಡಿದ್ದಳು. ಸಿಮೆಂಟಿನದು ಸರಾಸರಿ ವರ್ಷಕ್ಕೆ ನೂರಕ್ಕೆ ಇಪ್ಪತ್ತೊಂದು. ಸಾಬೂನಿನದು ಹನ್ನೊಂದರ ಮೇಲೆ ಚೂರು. ಸರಿ, ಸಿಮೆಂಟೇ ಅನ್ನೋಣವೆಂದರೆ ಮಾನಕ ವಿಚಲನೆ ಅಡ್ಡ ಬರುತ್ತಿತ್ತು. ಸಿಮೆಂಟು ತನ್ನ ಸರಾಸರಿಯಿಂದ ಆರರಷ್ಟು ಅತ್ತಿತ್ತ ಓಲಾಡುತ್ತದೆ, ಸಾಬೂನು ಎರಡರಷ್ಟು ಮಾತ್ರ. ಓಲಾಡಿದರೂ ಹೆಚ್ಚು ಕೊಡುವುದು ಒಳ್ಳೆಯದೋ, ಕಡಿಮೆ ಕೊಟ್ಟರೂ ನೆಟ್ಟಗಿರುವುದು ಒಳ್ಳೆಯದೋ? ಸ್ನಾನ ಮಾಡುವಾಗ ಸಾಬೂನು ಸರಿಯೆನಿಸುತ್ತಿತ್ತು, ಬಸ್ಸು ಹತ್ತುವಷ್ಟರಲ್ಲಿ ಸಿಮೆಂಟು. ಥೂ, ಇಷ್ಟು ಓದಿ ಏನು ಬಂತು ಎಂದು ತನ್ನ ಮೇಲೆಯೇ ಸಿಟ್ಟು.

“ಹೆಚ್ಚು ಬರೋದು ತಗೊಂಡ್ರಾತು. ನಮ್ಮ ಹೊಲದ ಕೆಂಪು ಬಾಳಿ ನೋಡು, ಒಂದು ವರ್ಷನೂ ಕೈ ಕೊಟ್ಟಿಲ್ಲ,” ಎಂದ ದೌಲಪ್ಪ.

“ಅತ್ತಿ ತೀರಿಹೋದ ವರ್ಷ?” ಲಲಿತಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

“ಅದು ಲೆಕ್ಕಕ್ಕಿಲ್ಲ.”

ಹಿರಿಯರು ತೀರಿಕೊಂಡ ವರ್ಷದ ಬೆಳೆಯನ್ನು ಬಾಯಿಬಿಟ್ಟು ಎಣಿಸಬಾರದು ಎಂಬುದು ಈ ಮನೆಯ ರೂಢಿ. ಮಲ್ಲಿಕಾಳೂ ಅದರಲ್ಲೇ ಬೆಳೆದವಳು. ಅವ್ವ ಹೋದದ್ದು ಲಾಕ್‌ಡೌನಿನ ವರ್ಷ. ಕಂಪನಿಗಳ ಅಂಕಿ ತುಂಬುವಾಗ ಆ ವರ್ಷ ಬಂದೊಡನೆ, ಅದೂ ಒಂದು ವರ್ಷವೇ ಎಂದು ಎರಡೂ ಕಡೆ ಅಳಿಸಿಹಾಕಿದ್ದಳು. ಅಳಿಸಿದ್ದು ಆಕೆಗೆ ನೆನಪಾದದ್ದೇ ಈಗ.

“ನಿಮಗ ಲೆಕ್ಕಕ್ಕಿಲ್ರಿ,” ಲಲಿತಾಬಾಯಿ ದನಿ ಏರಿಸಲಿಲ್ಲ. “ಆ ವರ್ಷ ನಾವು ನನ್ನ ಪಾಟ್ಲಿ ಮಾರಿ ಉಂಡೀವಿ.”

ಪಾಟ್ಲಿ ಮಾರಿದ ಸಂಗತಿಯೇ ಮಲ್ಲಿಕಾಳಿಗೆ ಗೊತ್ತಿರಲಿಲ್ಲ. ಇದ್ದ ಜೋಡಿಯನ್ನು ದಿನವೂ ಯಾಕೆ ಹಾಕಿಕೊಳ್ಳುವುದೆಂದು ಲಲಿತಾ ಪೆಟ್ಟಿಗೆಯಲ್ಲಿ ತೆಗೆದಿಟ್ಟಿದ್ದಾಳೆ, ಈಗಿನ ಆಸೆ ಎರಡನೆಯ ಜೋಡಿಗೆ ಅಂದುಕೊಂಡಿದ್ದಳು. ತಮ್ಮನತ್ತ ನೋಡಿದಳು. ಅವನು ತಲೆ ತಗ್ಗಿಸಿ ಕೈಯಲ್ಲಿದ್ದ ಬಾಳೆಹಣ್ಣಿನ ಸಿಪ್ಪೆ ಕೆರೆಯುತ್ತಿದ್ದ.

ಬಿಟ್ಟ ವರ್ಷವನ್ನು ತಂದು ಕೂಡಿಸಿದಳು. ಆ ವರ್ಷ ಸಿಮೆಂಟು ನೂರಕ್ಕೆ ಮೂವತ್ತೊಂಬತ್ತು ಕಳೆದಿತ್ತು. ಇಪ್ಪತ್ತೊಂದಿದ್ದ ಸರಾಸರಿ ಜರ್ರನೆ ಹನ್ನೊಂದಕ್ಕಿಳಿಯಿತು, ಓಲಾಟ ಆರರಿಂದ ಇಪ್ಪತ್ತಮೂರಕ್ಕೇರಿತು. ಸಾಬೂನಿನದು ಅದೇ ಹನ್ನೊಂದು, ಅದೇ ಎರಡು.

“ನಾನು ತಪ್ಪು ಮಾಡೀನಿ, ಲಲಿತಾ,” ಎಂದಳು ಮಲ್ಲಿಕಾ. “ಆ ವರ್ಷ ನಾನೂ ಬಿಟ್ಟಿದ್ದೆ. ಈಗ ಸಿಮೆಂಟ್ ಅಂತೂ ಬ್ಯಾಡ. ಸಾಬೂನಿಗೆ ಹಾಕು ಅನ್ಲಿಕ್ಕೂ ನನಗ ಧೈರ್ಯ ಇಲ್ಲ. ರೊಕ್ಕ ನಿಂದು, ನೀನs ಹೇಳು.”

ಲಲಿತಾಬಾಯಿ ಬಂದು ಪಕ್ಕದಲ್ಲಿ ಕೂತು ಪರದೆಯ ಮೇಲಿನ ಆ ವರ್ಷದ ಒಂದು ಸಾಲನ್ನೇ ನೋಡತೊಡಗಿದಳು.

“ಎರಡು ಲಾರಿ ಹಣ್ಣು,” ದೌಲಪ್ಪ ಇದ್ದಕ್ಕಿದ್ದಂತೆ ಅಂದ. ಅವ್ವ ಹೋದಮೇಲೆ ಆ ವರ್ಷದ ಬೆಳೆಯನ್ನು ಅವನು ಬಾಯಲ್ಲಿ ಎಣಿಸಿದ್ದು ಇದೇ ಮೊದಲು. “ಹೊಲದಾಗs ಕೊಳೀತು.”

ಲಲಿತಾಬಾಯಿ ಅವನ ಕೈಯಿಂದ ಹಣ್ಣು ತೆಗೆದುಕೊಂಡು ಸುಲಿದು, ಅರ್ಧ ಮುರಿದು ಅವನಿಗೇ ಕೊಟ್ಟಳು. ಮುಂಗೈಯಲ್ಲಿದ್ದ ಹಸಿರು ಗಾಜಿನ ಬಳೆ ಸರಿದು ಸಣ್ಣಗೆ ಸದ್ದಾಯಿತು. ಹಣ್ಣು ಕೈಯಲ್ಲಿ ಹಿಡಿದೇ ದೌಲಪ್ಪ ಆ ಬಳೆಗಳನ್ನು ನೋಡುತ್ತಿದ್ದ.